ತೊಳೆದ ಟ್ಯಾಂಕು

ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋದರೆ ಮಕ್ಕಳೆಲ್ಲ ಮೆಟ್ಟಿಲ ಮೇಲೆ ಬಂದು ಕೂರುವ ಕಾಲ ಅದು. ಉಪ್ಪುಖಾರ ಹಚ್ಚಿದ ಮಾವಿನ ಕೈರಿಯ ಹೋಳು ಕೈಯಿಂದ ಕೈಗೆ ಹೋಗುತ್ತಿತ್ತು. ಕೆಳಗೆ ಲಗೋರಿಯ ಕಲ್ಲು ಉರುಳುವ ಸದ್ದು, ಯಾರದೋ ಮನೆಯಿಂದ ಒಗ್ಗರಣೆಯ ಬೆಳ್ಳುಳ್ಳಿಯ ವಾಸನೆ. ಇಂಥದೊಂದು ಮೇ ತಿಂಗಳು ನಿಮಗೂ ಇದ್ದಿರಬೇಕು. ನನ್ನದರಲ್ಲಿ ಇವೆಲ್ಲದರ ಜೊತೆಗೆ ಒಂದು ಟ್ಯಾಂಕು ಇತ್ತು, ಒಬ್ಬ ಶತ್ರುವೂ ಇದ್ದ.

ನನಗೆ ಆಗ ಹನ್ನೊಂದು ವರ್ಷ. ತಾರೀಖು ಹಾಕಿ ದಿನಚರಿ ಬರೆಯುವ ಚಟ ಆಗಲೇ ಹತ್ತಿತ್ತು. ಬರೆದಿಟ್ಟವರಿಗೆ ಒಂದು ತೊಂದರೆಯಿದೆ: ಉಳಿದವರ ಹಾಗೆ ವರ್ಷ ಕಳೆದಂತೆ ನೆನಪು ಮೆತ್ತಗಾಗುವುದಿಲ್ಲ.

ಶತ್ರುವಿನ ಹೆಸರು ನಿಖಿಲ್. ನನ್ನ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷ ದೊಡ್ಡವನು. ಅವರದು ಕಾಂದಿವಲಿಯಲ್ಲಿ ಮೂರು ಕೋಣೆಯ ಫ್ಲ್ಯಾಟು. ವಿಜಯಪುರದಿಂದ ಮುಂಬಯಿಗೆ ಮೊದಲು ಬಂದವರು ದೊಡ್ಡಪ್ಪ. ಅಪ್ಪನನ್ನು ಕರೆತಂದು, ತಮ್ಮ ಮನೆಯಲ್ಲಿಟ್ಟುಕೊಂಡು, ನೌಕರಿ ಹಚ್ಚಿದವರೂ ಅವರೇ. ಹೀಗಾಗಿ ಅಪ್ಪ ಆ ಮನೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಅವ್ವನಿಗೆ ಆ ತುದಿಯೂ ಇರಲಿಲ್ಲ. ಹಬ್ಬಕ್ಕೆ ಹೋದರೆ ಅವಳು ನೇರ ಅಡುಗೆಮನೆಯ ನೆಲಕ್ಕೆ, ಕಡುಬು ತುಂಬಲು. ದೊಡ್ಡವ್ವ ಸ್ಟೂಲಿನ ಮೇಲೆ ಕೂತು, "ಅಂಚು ಇನ್ನಷ್ಟು ಒತ್ತಬೇಕವಾ" ಎನ್ನುತ್ತಿದ್ದರು.

ರಜೆ ಶುರುವಾದ ವಾರ ನಾವು ಅಲ್ಲಿಗೆ ಹೋಗಿದ್ದಾಗ ಅಟ್ಟದಿಂದ ಹಳೆ ಸಾಮಾನು ಇಳಿಸುತ್ತಿದ್ದರು. ಅದರಲ್ಲಿ ಒಂದು ಚಪ್ಪಟೆ ಪೆಟ್ಟಿಗೆ. ಮುಚ್ಚಳದ ಮೇಲೆ ಧೂಳೆಬ್ಬಿಸಿ ಓಡುವ ಟ್ಯಾಂಕಿನ ಚಿತ್ರ. ಒಳಗೆ ಹಸಿರು ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಅಂಟಿಕೊಂಡ ಬಿಡಿಭಾಗಗಳು. ನಿಖಿಲ್‌ನ ಸೋದರಮಾವ ಯಾವಾಗಲೋ ತಂದುಕೊಟ್ಟದ್ದು. ಅವನು ನಾಲ್ಕು ಚಕ್ರ ಮುರಿದು ತೆಗೆದು ಕೈಬಿಟ್ಟಿದ್ದ.

"ಇದು ನಂಗ ಬೇಕು" ಅಂದೆ.

"ಲೇ ಲೇ. ಕಚರಾ ಹೈ. ಫೇಂಕ್‌ನಾ ಹೀ ಥಾ," ಅಂದ ನಿಖಿಲ್, ಮೊಬೈಲಿನಿಂದ ತಲೆಯೆತ್ತದೆ. ಎಸೆಯುವ ಕಸ ಎಂಬ ಈ ಮಾತನ್ನು ಅವತ್ತೇ ಬರೆದಿಟ್ಟೆ.

ಇಡೀ ಮೇ ತಿಂಗಳು ಟ್ಯಾಂಕು ಕಟ್ಟಿದೆ. ಅಡುಗೆ ಮುಗಿದು ಕಟ್ಟೆ ಒರೆಸಿದ ಮೇಲೆ ನನ್ನ ಪಾಳಿ. ಭಾಗಗಳನ್ನು ಕತ್ತರಿಸಲು ಉಗುರು ಕತ್ತರಿ, ಅಂಚು ಉಜ್ಜಲು ಅವ್ವನ ಉಗುರಿನ ಅರ, ಅಕ್ಕಿಕಾಳಿನಷ್ಟು ಸಣ್ಣ ಕೊಕ್ಕೆ ಹಿಡಿಯಲು ಅವಳದೇ ಹುಬ್ಬಿನ ಚಿಮಟ. ಅಂಟಿನ ವಾಸನೆ ಹಿಟ್ಟಿನ ಡಬ್ಬಿಯವರೆಗೂ ಹೋಗಿ, "ರೊಟ್ಟಿಯೊಳಗೂ ನಿನ್ನ ಟ್ಯಾಂಕ್ ಬಂದೈತಿ" ಎಂದು ಅಪ್ಪ ನಕ್ಕಿದ್ದರು.

ದೊಡ್ಡ ತೊಡಕು ಬಂದದ್ದು ತೋಪಿನ ನಳಿಗೆಯಲ್ಲಿ. ಅಟ್ಟದ ಸೆಕೆಗೆ ಅದು ಬಾಗಿಹೋಗಿತ್ತು. ಕೈಯಿಂದ ನೆಟ್ಟಗೆ ಮಾಡಹೋದರೆ ಮುರಿಯುವ ಭಯ. ಅಳು ಬಂತು. ಅವ್ವ ನೋಡಿ ಅಂದಳು: "ಡಬ್ಬಿ ಮುಚ್ಚಳ ಸೊಟ್ಟಾದ್ರ ಏನ್ ಮಾಡ್ತೀವಿ? ಕುದಿನೀರಾಗ ಅದ್ದಿ, ಮೆತ್ತಗಾದ ಮ್ಯಾಲೆ ಸೆಟ್ ಮಾಡಿ, ತಣ್ಣೀರಾಗ ಹಿಡೀತೀವಿ. ಇದೂ ಪ್ಲಾಸ್ಟಿಕ್ಕಲ್ಲೇನು?"

ಚಹಾದ ಪಾತ್ರೆಯಲ್ಲಿ ನೀರು ಕುದಿಸಿ ಇಬ್ಬರೂ ಅದನ್ನೇ ಮಾಡಿದೆವು. ಬಿಸಿನೀರಿನಲ್ಲಿ ನಳಿಗೆ ನೂಡಲ್ಸಿನ ಹಾಗೆ ಆಯಿತು. ತಣ್ಣೀರಿನಲ್ಲಿ ಅವ್ವನ ಬೆರಳುಗಳ ನಡುವೆ ಮತ್ತೆ ನೆಟ್ಟಗೆ ನಿಂತಿತು.

ಬಣ್ಣ ಬಳಿದೆ. ನಂಬರಿನ ಸ್ಟಿಕ್ಕರುಗಳನ್ನು ನೀರಿನಲ್ಲಿ ನೆನೆಸಿ, ಹಾಳೆಯಿಂದ ಜಾರಿಸಿ ಕೂರಿಸಿದೆ. ಆದರೂ ಅದು ಅಂಗಡಿಯ ಆಟಿಕೆಯ ಹಾಗೆಯೇ ಕಂಡಿತು. ಯುದ್ಧಕ್ಕೆ ಹೋಗಿಬಂದ ಟ್ಯಾಂಕಿಗೆ ಕೆಸರು ಬೇಕು, ತುಕ್ಕು ಬೇಕು, ಹೊಗೆಯ ಕಲೆ ಬೇಕು. ಕೆಸರಿಗೆ ನಾನು ಕೈಹಾಕಿದ್ದು ಅವ್ವನ ತುಳಸಿ ಕುಂಡಕ್ಕೆ. ಅದರಲ್ಲಿದ್ದದ್ದು ಊರಿನ ಎರೆಮಣ್ಣು. ಅಜ್ಜಿಯ ಹೊಲದಿಂದ ಬಸ್ಸಿನಲ್ಲಿ ಹೊತ್ತು ತಂದದ್ದು.

"ತುಳಸಿ ಮಣ್ಣಿಗೆ ಕೈ ಹಚ್ಚೀಯಲ್ಲ, ಮೂಳಿ! ಮತ್ತ ಚಹಾ ಸೋಸೋ ಜಾಳಗಿ ಏನರ ತೊಗೊಂಡೀ, ಕೈ ಮುರೀತೀನಿ!" ಎಂದು ಬೈದವಳೇ ಅಟ್ಟದಿಂದ ಹಿಡಿ ಮುರಿದ ಹಳೆಯ ಜಾಳಗಿ ತೆಗೆದುಕೊಟ್ಟಳು. ಮಣ್ಣು ಸೋಸಿ, ಬಿಳಿ ಗೋಂದಿನ ನೀರಿನಲ್ಲಿ ಕಲಸಿ, ಕಡ್ಡಿಯ ತುದಿಯಿಂದ ಚಕ್ರಗಳ ಸಂದಿಗೆ ಹಚ್ಚಿದೆ. ಇಟ್ಟಿಗೆಯ ಪುಡಿಯಿಂದ ತುಕ್ಕು, ದೀಪದ ಕಾಡಿಗೆಯಿಂದ ಹೊಗೆ. ಮುಗಿದ ದಿನ ಬಿಲ್ಡಿಂಗಿನ ಹುಡುಗರು ಬಂದು ಉಸಿರು ಬಿಗಿಹಿಡಿದು ನೋಡಿದರು. ಒಬ್ಬನಂತೂ, "ದೀದೀ, ಯೇ ಕಹಾಂ ಕೀ ಲಡಾಯೀ ಮೇ ಥಾ?" ಎಂದು ಕೇಳಿದ. ಇದು ಯಾವ ಯುದ್ಧದಲ್ಲಿತ್ತು ಎಂಬ ಆ ಪ್ರಶ್ನೆಯೇ ಸಾಕಿತ್ತು ನನಗೆ.

ಜುಲೈ ತಿಂಗಳ ಒಂದು ಭಾನುವಾರ ದೊಡ್ಡಪ್ಪನ ಮನೆಯವರು ಊಟಕ್ಕೆ ಬಂದರು. ನಿಖಿಲ್ ಟಿವಿಯ ಮೇಲಿದ್ದ ಟ್ಯಾಂಕನ್ನು ನೋಡಿದ, ಎತ್ತಿದ, ನಳಿಗೆ ಹೊತ್ತ ಗೋಪುರ ತಿರುಗಿಸಿದ.

"ಯೇ ತೋ ಮೇರಾ ಹೈ."

"ಕಚರಾ ಅಂದಿದ್ದಿ. ಫೇಂಕ್‌ನಾ ಥಾ ಅಂದಿದ್ದಿ."

"ಕಿಟ್ ಮೇರೀ ಥೀ ನಾ? ಮಾಮಾ ನೇ ಮುಝೇ ದೀ ಥೀ." ಅವರ ಹೌಸಿಂಗ್ ಸೊಸೈಟಿಯಲ್ಲಿ ಗಣಪತಿ ಹಬ್ಬಕ್ಕೆ ಮಕ್ಕಳ ಕೈಕೆಲಸದ ಪ್ರದರ್ಶನವಿತ್ತು. ಅಲ್ಲಿಡಲು ಅವನಿಗೆ ಏನಾದರೂ ಬೇಕಾಗಿತ್ತು.

ನಾನು ಅಪ್ಪನನ್ನು ನೋಡಿದೆ. ಅಪ್ಪ ತಾಟನ್ನು ನೋಡಿದರು. "ಕೊಡವಾ. ಅಣ್ಣ ಅಲ್ಲೇನು ಅಂವಾ," ಅಂದರು.

"ಹಂಗಾದ್ರ ಅಲ್ಲಿಡೋ ಚೀಟಿ ಮ್ಯಾಲೆ ನನ್ನ ಹೆಸರೂ ಬರೀಲಿ" ಅಂದೆ.

ಹುಡುಗಿ ಟ್ಯಾಂಕು ಕಟ್ಟಿದಳೆಂದರೆ ಯಾರು ನಂಬುತ್ತಾರೆ ಎಂದು ನಿಖಿಲ್ ನಕ್ಕ. "ಲಡ್ಕೀ ಲೋಗ್ ಟ್ಯಾಂಕ್ ಬನಾತೀ ಹೈ ಕ್ಯಾ? ಕೌನ್ ಮಾನೇಗಾ?"

ದೊಡ್ಡವ್ವ ಅದನ್ನು ಸ್ವೀಟ್ ಬಾಕ್ಸಿನಲ್ಲಿಟ್ಟು ರಬ್ಬರ್ ಬ್ಯಾಂಡ್ ಹಾಕಿದರು. ಅವ್ವ ತಾಟು ತೆಗೆಯುವಾಗ ಒಂದರ ಮೇಲೊಂದು ಜೋರಾಗಿ ಕುಕ್ಕಿದಳು.

ಅವತ್ತಿನಿಂದ ದಿನಾ ಮಲಗುವ ಮುನ್ನ ನಿಖಿಲ್‌ಗೆ ಏನಾಗಬೇಕು ಎಂದು ಯೋಚಿಸುತ್ತಿದ್ದೆ. ಲೋಕಲ್ ರೈಲು ತಪ್ಪಬೇಕು, ಗಣಿತದಲ್ಲಿ ಸೊನ್ನೆ ಬರಬೇಕು, ತಲೆಯಲ್ಲಿ ಹೇನಾಗಬೇಕು. ಒಂದೂ ಆಗಲಿಲ್ಲ. ದೇವರ ಮೇಲೆ ಬಿಟ್ಟ ಕೆಲಸ ಹೀಗೆಯೇ ಎಂದು ತಿಳಿಯಿತು.

ಹಬ್ಬಕ್ಕೆ ಎರಡು ದಿನವಿದ್ದಾಗ ದೊಡ್ಡವ್ವನ ಫೋನು ಬಂತು. ಅವ್ವನ ಕೈಯೆಲ್ಲ ಹಿಟ್ಟು. ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನೇ ತೆಗೆದು, ಸ್ನೇಹಾ ಅಂತ ಹೇಳಿ, ಸ್ಪೀಕರಿಗೆ ಹಾಕಿದೆ.

"ಅಲ್ಲವಾ ಸ್ನೇಹಾ, ಏನ್ ಹೊಲಸು ಮಾಡಿಟ್ಟೀಯವಾ ಇದನ್ನ! ಶೋಕೇಸಿನ್ಯಾಗೆಲ್ಲಾ ಮಣ್ಣು ಉದರಾಕತ್ತೈತಿ. ನಾಡದು ದೇವರ ಮುಂದ ಇಡೋದು. ಒರೆಸಿದ್ರ ಹೋಗವಲ್ದು. ಹೆಂಗ ತೊಳೀಬೇಕಿದನ್ನ?"

ದೊಡ್ಡವ್ವನ ಮನೆಯಲ್ಲಿ ತರಕಾರಿಯ ಚೀಲವೂ ಬಾಗಿಲ ಹೊರಗೇ ಸ್ನಾನ ಮಾಡಿ ಒಳಗೆ ಬರಬೇಕು. ಅಂಥವರಿಗೆ ನಾನು ದಿನಗಟ್ಟಲೆ ಕೂತು ಹಚ್ಚಿದ ಕೆಸರು ಕೆಸರಾಗಿಯೇ ಕಂಡಿತ್ತು. ಅದನ್ನು ಬೇಕೆಂದೇ ಹಚ್ಚಿದ್ದು ಎಂದು ನಿಖಿಲ್‌ಗೂ ಹೊಳೆದಿರಲಿಲ್ಲ. ಕಟ್ಟಿದವನಾಗಿದ್ದರೆ ಹೊಳೆಯುತ್ತಿತ್ತು.

"ಕುದಿಯೋ ನೀರಾಗ ಮುಳುಗಿಸಿಡ್ರಿ ದೊಡ್ಡವ್ವ" ಅಂದೆ. "ಪಾತ್ರೆ ತೊಳಿಯೋ ಸಾಬೂನು ಹಾಕಿ, ಬ್ರಷ್‌ಲೆ ತಿಕ್ರಿ."

ಹಿಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ತಿರುಗಲಿಲ್ಲ. ಕುದಿನೀರಿನಲ್ಲಿ ನಳಿಗೆ ಏನಾಗುತ್ತದೆಂದು ಬಲ್ಲವರು ನಮ್ಮ ಮನೆಯಲ್ಲಿ ಇಬ್ಬರೇ. ಈಗ ಬೆನ್ನಿಗೆ ಗುದ್ದು ಬೀಳುತ್ತದೆ ಎಂದುಕೊಂಡೆ.

ಅವ್ವ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಫೋನಿನ ಹತ್ತಿರ ಬಾಗಿದಳು. "ಹೌದ್ರೀ ಅಕ್ಕಾರ," ಅಂದಳು, ಭಾಳ ವಿನಯದಿಂದ. "ಬರೇ ಬೆಚ್ಚಗಿದ್ರ ಹೋಗಂಗಿಲ್ಲ ಅದು. ಕೊತಕೊತ ಕುದಿಸ್ರಿ."

ಮತ್ತೆ ಹೋಗಿ ರೊಟ್ಟಿ ಬಡಿದಳು. ಆ ಸಂಜೆ ಮೊದಲ ಉಬ್ಬಿದ ರೊಟ್ಟಿ ಅಪ್ಪನ ತಾಟಿಗೆ ಹೋಗಲಿಲ್ಲ. ಬೆಣ್ಣೆ ಹಚ್ಚಿಕೊಂಡು ನನ್ನ ತಾಟಿಗೆ ಬಂತು.

ಹಬ್ಬದ ದಿನ ಕಾಂದಿವಲಿಗೆ ಹೋದೆವು. ಮಂಟಪದ ಪಕ್ಕದ ಮೇಜಿನ ಮೇಲೆ ನಿಖಿಲ್‌ನ ಹೆಸರಿನ ಚೀಟಿ, ಅದರ ಹಿಂದೆ ನನ್ನ ಟ್ಯಾಂಕು. ಕೆಸರಿಲ್ಲ, ತುಕ್ಕಿಲ್ಲ, ನಂಬರಿಲ್ಲ. ಮೈಯೆಲ್ಲ ತಿಕ್ಕಿದ ಗೀರು. ನಳಿಗೆ ಮುಂದಕ್ಕೆ ಚಾಚಿ, ಕೆಳಕ್ಕೆ ಇಳಿದು, ತುದಿಯಲ್ಲಿ ಎಡಕ್ಕೆ ಸುರುಳಿಯಾಗಿತ್ತು. ಪಕ್ಕದಲ್ಲಿ ಗಣಪತಿ ಕೂತಿದ್ದರಿಂದ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

"ಮಮ್ಮೀ, ಬಪ್ಪಾ ಕಾ ಟ್ಯಾಂಕ್! ಸೋಂಡ್ ದೇಖೋ!" ಎಂದು ಗಣಪತಿಯ ಸೊಂಡಿಲು, ಟ್ಯಾಂಕಿನ ನಳಿಗೆ ಎರಡನ್ನೂ ತೋರಿಸಿ ಒಂದು ಪುಟ್ಟ ಹುಡುಗಿ ಕೂಗಿದಳು. ಸೊಸೈಟಿಯ ಹುಡುಗರು ಮುತ್ತಿಕೊಂಡರು. "ಏ ಸೋಂಡ್! ಸೋಂಡ್ ನಿಖಿಲ್!" ಸೆಕ್ರೆಟರಿ ಕಾಕಾ ಕನ್ನಡಕ ಸರಿಮಾಡಿ, "ಕಾಯ್ ರೇ, ತುಝಾ ರಣಗಾಡಾ ಝೋಪಲಾ ಕಾ?" ಎಂದರು. ಟ್ಯಾಂಕು ಮಲಗಿಬಿಟ್ಟಿತೇನೋ ಎಂಬ ಆ ಮಾತಿಗೆ ದೊಡ್ಡವರೂ ನಕ್ಕರು.

ನಿಖಿಲ್‌ನ ಕಿವಿ ಕೆಂಪಾಯಿತು. ಸುತ್ತ ನೋಡಿದ. ಅವನ ಕಣ್ಣಿಗೆ ನಾನು ಬಿದ್ದೆ.

"ಮೈನೇ ನಹೀ ಬನಾಯಾ!" ಎಂದು ಕಿರುಚಿದ. "ಇಸ್ನೇ ಬನಾಯಾ! ಸ್ನೇಹಾ ನೇ!"

ಅದನ್ನು ಕಟ್ಟಿದವಳು ನಾನು: ಎರಡು ತಿಂಗಳು ನಾನು ಕೇಳಬೇಕೆಂದಿದ್ದ ಮಾತು ಅದು. ಎಲ್ಲರೂ ನನ್ನ ಕಡೆ ತಿರುಗಿದರು. ಮುಂದೆ ಬಂದು ನಿಂತೆ.

"ಹಾಂ, ಮೈನೇ ಬನಾಯಾ," ಅಂದೆ. "ಧೋಯಾ ಇಸ್ಕೀ ಮಮ್ಮೀ ನೇ."

ತೊಳೆದದ್ದು ಇವನ ಮಮ್ಮಿ ಎಂಬುದಕ್ಕೆ ಎದ್ದ ನಗು ಮಂಟಪದ ಬಟ್ಟೆಯನ್ನು ಅಲ್ಲಾಡಿಸಿತು ಎಂದು ಬರೆದಿದ್ದೇನೆ, ಗಾಳಿಯೂ ಇದ್ದಿರಬಹುದು. ದೊಡ್ಡವ್ವ ಆರತಿಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು. ಅವರ ಹಿಂದೆ ಅವ್ವ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭಕ್ತಿಯಿಂದ ಗಣಪತಿಯನ್ನೇ ನೋಡುತ್ತಿದ್ದಳು. ಹೊರಡುವಾಗ ಟ್ಯಾಂಕು ಅದೇ ಸ್ವೀಟ್ ಬಾಕ್ಸಿನಲ್ಲಿ ನನ್ನ ಕೈಗೆ ಬಂತು. ಯಾರೂ ಕೇಳಿ ಪಡೆಯಲಿಲ್ಲ, ಯಾರೂ ತಡೆಯಲೂ ಇಲ್ಲ.

ಆ ಬಿಲ್ಡಿಂಗು ಈಗಿಲ್ಲ. ಮೆಟ್ಟಿಲಿದ್ದ ಕಡೆ ಟವರಿನ ಪಾರ್ಕಿಂಗ್ ಬಂದಿದೆ. ತುಳಸಿ ಕುಂಡವನ್ನು ಮನೆ ಬದಲಿಸುವ ಟೆಂಪೋದವರು ಒಡೆದರು, ಎರೆಮಣ್ಣು ರಸ್ತೆಗೆ ಹೋಯಿತು. ನಾನು ಸಂಬಳ ತರುತ್ತೇನೆ. ಬೇಕಾದ ಕಿಟ್ ಕೊಳ್ಳುತ್ತೇನೆ, ಬಾಟಲಿಯಲ್ಲೇ ಬರುವ ಕೆಸರು ಹಚ್ಚುತ್ತೇನೆ. ಕಿತ್ತುಕೊಳ್ಳಲು ಯಾರೂ ಬರುವುದಿಲ್ಲ. ಅವು ಚೆನ್ನಾಗಿಯೇ ಇವೆ, ಆದರೆ ಯಾವುದಕ್ಕಾಗಿಯೂ ನಾನು ರಾತ್ರಿ ಹಲ್ಲು ಕಚ್ಚಿ ಮಲಗಿಲ್ಲ.

ಕಳೆದ ಚಳಿಗಾಲ ನಿಖಿಲ್‌ನ ನಿಶ್ಚಿತಾರ್ಥವಾಯಿತು. ಗೆಳೆಯರು ಇವತ್ತಿಗೂ ಅವನನ್ನು ಸೋಂಡ್ ಎಂದೇ ಕರೆಯುತ್ತಾರೆ. ಹುಡುಗಿ ಯಾಕೆಂದು ಕೇಳಿದಳು. "ಪತಾ ನಹೀ ಯಾರ್, ಬಚಪನ್ ಸೇ," ಎಂದು ನಕ್ಕ. ಅವನಿಗೆ ನಿಜವಾಗಿಯೂ ನೆನಪಿಲ್ಲ. ನಾನು ಇಷ್ಟು ಅಚ್ಚುಕಟ್ಟಾಗಿ ತೀರಿಸಿಕೊಂಡ ಸೇಡನ್ನು ಅವನು ಕಳೆದುಹಾಕಿದ್ದಾನೆ. ಅವ್ವನ ಕಡೆ ನೋಡಿದೆ. ಅವಳು ದೊಡ್ಡವ್ವನ ಪಕ್ಕ ಕುರ್ಚಿಯಲ್ಲೇ ಕೂತು, ಅವರ ಮಂಡಿನೋವಿನ ಕಥೆ ಕೇಳುತ್ತಿದ್ದಳು. ಮನೆಗೆ ಬಂದು ನೆನಪಿಸಿದರೆ, "ಹೋಗ್ಲಿ ಬಿಡವಾ, ಪಾಪ. ಆ ನಳಿಗಿ ಸೆಟ್ ಮಾಡಿಕೊಡ್ಲೇನು?" ಅಂದಳು.

ಟ್ಯಾಂಕು ನನ್ನ ಶೆಲ್ಫಿನಲ್ಲಿ ಎಲ್ಲಕ್ಕಿಂತ ಮುಂದೆ ಇದೆ, ಸೊಂಡಿಲು ಇಳಿಬಿಟ್ಟುಕೊಂಡು. ಸೆಟ್ ಮಾಡುವುದು ಎರಡು ನಿಮಿಷದ ಕೆಲಸ. ಅವ್ವ ಆಗಲೇ ಚಹಾದ ಪಾತ್ರೆಗೆ ನೀರು ಹಾಕಿ ಒಲೆಯ ಮೇಲಿಟ್ಟಿದ್ದಳು.

ನಾನು ಹೋಗಿ ಗ್ಯಾಸು ಆರಿಸಿದೆ.