ಸೀಟಿನಿಂದ ಇಳಿಯದ ಪೆಡಲ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ. ತಗಡಿನ ಶೆಡ್ಡಿನೊಳಗೆ ಒಂದು ಹಳೆಯ ವ್ಯಾನು ಮುಂದಿನ ಎರಡು ಚಕ್ರ ಎತ್ತಿಕೊಂಡು ಜ್ಯಾಕಿನ ಮೇಲೆ ನಿಂತಿದೆ. ಬಿಚ್ಚಿದ ಬ್ರೇಕ್ ಡ್ರಮ್ಮುಗಳು ದೊಡ್ಡ ಪಾತ್ರೆಯ ಮುಚ್ಚಳಗಳ ಹಾಗೆ ಗೋಡೆಗೆ ಒರಗಿವೆ. ಅವು ಇದ್ದ ಜಾಗದಲ್ಲಿ ಈಗ ಹೊಳೆಯುವ ಡಿಸ್ಕ್ ತಟ್ಟೆಗಳು. ಡ್ರೈವರ್ ಸೀಟಿನಲ್ಲಿ ಒಬ್ಬ ಹೆಂಗಸು ಚಪ್ಪಲಿ ಕೆಳಗೆ ಬಿಟ್ಟು ಬರಿಗಾಲಲ್ಲಿ ಕೂತಿದ್ದಾರೆ. ಚಕ್ರದ ಹಿಂದಿನಿಂದ ಗಂಡನ ದನಿ ಬರುತ್ತದೆ.

“ಒತ್ತು.”

ಒತ್ತುತ್ತಾರೆ.

“ಹಿಡಿ.”

ಹಿಡಿಯುತ್ತಾರೆ. ಸಣ್ಣ ಕೊಳವೆಯಲ್ಲಿ ಗುಳ್ಳೆ ಗುಳ್ಳೆಯಾಗಿ ಬ್ರೇಕ್ ಆಯಿಲ್ ಹೊರಬರುತ್ತದೆ. ಗಂಡ ಕೊಳವೆ ಸಿಕ್ಕಿಸಿದ ನಿಪ್ಪಲ್ ತಿರುಪನ್ನು ಬಿಗಿಯುತ್ತಾರೆ.

“ಬಿಡು.”

ಪೈಪಿನೊಳಗಿನ ಗಾಳಿಯೆಲ್ಲ ಹೋಗುವವರೆಗೆ ಇದೇ ಮಾತು, ಇದೇ ಕೆಲಸ. ಒಂಟಿ ಕೈಯಲ್ಲಿ ಆಗುವಂಥದ್ದಲ್ಲ. ಆದರೆ ಊರಿಗೆಲ್ಲ ಗೊತ್ತಿರುವುದು ಗಂಡ ಒಬ್ಬರೇ, ಬ್ರೇಕ್ ಮೇಸ್ತ್ರಿ. ಹೆಂಡತಿಗೆ ಅಕ್ಕಪಕ್ಕದ ಶೆಡ್ಡಿನವರು ಇಟ್ಟ ಹೆಸರು ಪೆಡಲ್ ಅಕ್ಕ. ಬಾಗಿಲ ಮೇಲಿನ ಬೋರ್ಡು ‘ಮೇಸ್ತ್ರಿ ಮತ್ತು ತಮ್ಮಂದಿರು’ ಅನ್ನುತ್ತದೆ. ತಮ್ಮಂದಿರು ಬೇರೆ ಕಸುಬು ಹಿಡಿದು ಹೋಗಿ ಅದೆಷ್ಟೋ ಕಾಲವಾಯಿತು. ಬೋರ್ಡಿನಲ್ಲಿ ಅವರಿನ್ನೂ ಇದ್ದಾರೆ, ದಿನಾ ಸೀಟಿನಲ್ಲಿ ಕೂರುವವರು ಇಲ್ಲ.

ಕೊನೆಯ ತಮ್ಮ ಹೇಳದೆ ಕೇಳದೆ ಹೋದ ದಿನ ಊಟದ ಡಬ್ಬಿ ತಂದಿದ್ದ ಹೆಂಡತಿಗೆ ಮೇಸ್ತ್ರಿ, “ಐದು ನಿಮಿಷ ಕೂತ್ಕೋ” ಅಂದರಂತೆ.

“ಆ ಐದು ನಿಮಿಷ ಇನ್ನೂ ಮುಗಿದಿಲ್ಲ ಯಜಮಾನ್ರೇ,” ಅನ್ನುತ್ತಾರೆ ಅಕ್ಕ, ಕೆಲಸ ನೋಡಲು ಬಂದ ನನ್ನ ಕಡೆ ತಿರುಗಿ. “ಆಗ ಮಗಳು ಹೊಟ್ಟೇಲಿದ್ಲು. ಈಗ ಅವಳಿಗೇ ಮಗು ಆಗಿದೆ.”

ದಿನಕ್ಕೆ ಎಷ್ಟು ಸಲ ಒತ್ತುತ್ತೀಯಮ್ಮ ಎಂದು ಕೇಳಿದರೆ ಮಂಡಿ ತಿಕ್ಕಿಕೊಳ್ಳುತ್ತಾರೆ. “ಲೆಕ್ಕ ಇಟ್ಟಿದ್ರೆ ಒತ್ತೋಕೆ ಮನಸ್ಸೇ ಬರ್ತಿರ್ಲಿಲ್ಲ. ಜಗಳ ಆದ ದಿನವೂ ಬರ್ಬೇಕು. ಅವತ್ತು ನಮ್ಮಿಬ್ರ ಮಧ್ಯೆ ಈ ಮೂರೇ ಮಾತು.”

“ಆ ದಿನ ಬ್ರೇಕ್ ಬಲು ಗಟ್ಟಿ ಬರುತ್ತೆ,” ಅನ್ನುತ್ತಾರೆ ಮೇಸ್ತ್ರಿ ಕೆಳಗಿನಿಂದ.

ಅಷ್ಟರಲ್ಲಿ ವ್ಯಾನಿನ ಮಾಲೀಕ ಬರುತ್ತಾನೆ. ಬಾಟಲಿ ಕಾರ್ಖಾನೆಗೆ ಕೆಲಸದ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುವ ಗಾಡಿ ಇದು. ದಾರಿಯಲ್ಲಿ ಉದ್ದನೆಯ ಇಳಿಜಾರು. ಹಾರ್ನ್ ಹೊಸದು, ಸೀಟಿನ ಹೊದಿಕೆ ಹೊಸದು, ಹಿಂದೆ ಆಗಲೇ ‘ಡಿಸ್ಕ್ ಬ್ರೇಕ್’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದಾನೆ. ಆದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ನೂಕುವ ಮಾಸ್ಟರ್ ಸಿಲಿಂಡರ್ ಮಾತ್ರ ಹಳೆಯದೇ ಇರಲಿ ಅಂದಿದ್ದಾನೆ. ಅದು ಡ್ರಮ್ಮಿಗೆಂದು ಮಾಡಿದ್ದು. ಕಾಲು ತೆಗೆದ ಮೇಲೂ ಒಳಗೆ ಸ್ವಲ್ಪ ಒತ್ತಡ ಉಳಿಸಿಕೊಳ್ಳುತ್ತದೆ. ಡಿಸ್ಕಿಗೆ ಅದು ಆಗುವುದಿಲ್ಲ. ಪ್ಯಾಡುಗಳು ತಟ್ಟೆಯನ್ನು ಕಚ್ಚಿಕೊಂಡೇ ಇರುತ್ತವೆ, ಬಿಸಿಯೇರುತ್ತವೆ, ಆಯಿಲ್ ಕುದಿಯುತ್ತದೆ. ಆಮೇಲೆ ಕಾಲಿನ ಕೆಳಗೆ ಪೆಡಲ್ ಇರುತ್ತದೆ, ಬ್ರೇಕ್ ಇರುವುದಿಲ್ಲ.

“ಜ್ಯಾಕ್ ಇಳಿಸಿ ಮೇಸ್ತ್ರಿ, ಟ್ರಿಪ್ಪಿಗೆ ಹೊತ್ತಾಯ್ತು.”

ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾರೆ. “ಇವತ್ತೊಂದಿನ ಮೆಲ್ಲಗೆ ಓಡಿಸ್ತೀರಾದ್ರೆ...”

“ರೀ!” ಸೀಟಿನಿಂದ ಬಂದ ಆ ಒಂದು ಕೂಗಿಗೆ ಅವರ ಬಾಯಿ ಕಟ್ಟುತ್ತದೆ. ಅಕ್ಕ ಪೆಡಲ್ ಒಮ್ಮೆ ಒತ್ತಿ ಬಿಟ್ಟು, ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. “ನೋಡಿ ಸ್ವಾಮಿ, ನನ್ನ ಕಾಲು ಇಲ್ಲಿದೆ. ಚಕ್ರ ತಿರುಗಿಸಿ.”

ಮಾಲೀಕ ಎರಡೂ ಕೈ ಹಾಕಿ ತಳ್ಳುತ್ತಾನೆ. ಗಾಳಿಯಲ್ಲಿರುವ ಚಕ್ರ ಮುಲುಕುತ್ತದೆ, ಅರ್ಧ ಸುತ್ತೂ ಬರುವುದಿಲ್ಲ.

“ಓಡ್ತಾ ಓಡ್ತಾ ಸಡಿಲ ಆಗುತ್ತೆ. ನೀನು ಇಳಿಯಮ್ಮ, ಗಂಡಸರ ಹತ್ರ ಮಾತಾಡ್ತೀನಿ.”

“ಇಳೀತೀನಿ. ಮನೆಗೆ ಹೋಗಿ ನಿಮ್ಮ ಹೆಂಡ್ತಿ ಮಕ್ಕಳನ್ನ ಕರ್ಕೊಂಡ್ಬನ್ನಿ. ಮುಂದಿನ ಸೀಟಲ್ಲಿ ಕೂರಿಸಿ. ಆಗ ಇಳೀತೀನಿ.”

“ಯಾರ ಹತ್ರ ಮಾತಾಡ್ತಿದ್ದೀಯ ಗೊತ್ತಾ?”

“ಗೊತ್ತು. ಬ್ರೇಕ್ ಇಲ್ಲದ ಗಾಡಿ ಮೇಲೆ ಬ್ರೇಕ್ ಇದೆ ಅಂತ ಬರೆಸಿದವ್ರ ಹತ್ರ.”

ಮೇಸ್ತ್ರಿ ಜ್ಯಾಕಿನ ಹಿಡಿಯನ್ನು ಎತ್ತಿಕೊಂಡು ಹೋಗಿ ಗಾಡಿಯೊಳಗೆ ಹೆಂಡತಿಯ ಕೈಗೆ ಕೊಡುತ್ತಾರೆ. “ಅವಳು ಕೊಟ್ರೆ ಇಳಿಸ್ತೀನಿ ಸಾರ್.”

ಮಾಲೀಕ ಬಾಯಿಗೆ ಬಂದಂತೆ ಬೈದು, ಟ್ರಿಪ್ಪಿಗೆ ಫೋನಿನಲ್ಲೇ ಬೇರೆ ವ್ಯಾನು ಗೊತ್ತುಮಾಡಿ, “ಏನಾದ್ರೂ ಹಾಕ್ಕೊಂಡು ಸಾಯಿರಿ” ಎಂದು ಹೋಗುತ್ತಾನೆ. ಹೊಸ ಸಿಲಿಂಡರಿಗೆ ಒಪ್ಪಿಗೆ ಅಂದರೆ ಅಷ್ಟೇ. ಬಿಡಿಭಾಗದ ಅಂಗಡಿ ತೆರೆಯುತ್ತಲೇ ಮೇಸ್ತ್ರಿ ಡಿಸ್ಕಿಗೆ ಹೊಂದುವ ಸಿಲಿಂಡರ್ ತರುತ್ತಾರೆ. ಮತ್ತೆ ಒತ್ತು, ಹಿಡಿ, ಬಿಡು, ಮೊದಲಿನಿಂದ. ಮಧ್ಯಾಹ್ನದ ಹೊತ್ತಿಗೆ ಒಂದೇ ಕೈಯಲ್ಲಿ ತಳ್ಳಿದರೆ ಚಕ್ರ ಹಗುರವಾಗಿ ಸುತ್ತುತ್ತದೆ. ಅಕ್ಕ ಒತ್ತಿದರೆ ಗಪ್ಪನೆ ನಿಲ್ಲುತ್ತದೆ.

ಸಂಜೆ ಮಾಲೀಕ ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದು ಮೇಸ್ತ್ರಿಯ ಬೆನ್ನು ತಟ್ಟುತ್ತಾನೆ. “ಕೈಗುಣ ಅಂದ್ರೆ ನಿಮ್ದೇ ಕಣ್ರೀ.” ಚಪ್ಪಲಿ ಹುಡುಕುತ್ತಿರುವ ಹೆಂಗಸಿನ ಕಡೆ ತಿರುಗಿಯೂ ನೋಡುವುದಿಲ್ಲ. ಹಾರ್ನ್ ಬಾರಿಸಿಕೊಂಡು ಹೊರಟೇಹೋಗುತ್ತಾನೆ. ನೋಡುತ್ತ ನಿಂತವರಿಗೆ ಮೈ ಉರಿಯುತ್ತದೆ. ನಾಳೆ ಬೆಳಿಗ್ಗೆ ಇಳಿಜಾರಿನಲ್ಲಿ ಕಿಟಕಿಗೆ ತಲೆ ಕೊಟ್ಟು ತೂಕಡಿಸುವ ಆ ಹೆಣ್ಣುಮಕ್ಕಳಿಗೆ ಈಕೆ ಯಾರೆಂದೂ ಗೊತ್ತಿರುವುದಿಲ್ಲ.

ಬೋರ್ಡಿನಲ್ಲಿ ಹೆಸರು ಬೇಡವೇನಮ್ಮ ಎಂದರೆ ಅಕ್ಕ ಕೈ ಕೊಡವುತ್ತಾರೆ.

“ಬೋರ್ಡ್ ಕಟ್ಕೊಂಡು ಏನ್ಮಾಡ್ಲಿ? ಇಷ್ಟು ವರ್ಷ ಡ್ರೈವರ್ ಸೀಟಲ್ಲೇ ಕೂತಿದ್ದೀನಿ, ಒಂದು ಗಾಡಿಯೂ ನನ್ನ ಕೂರಿಸ್ಕೊಂಡು ಈ ಬಾಗಿಲು ದಾಟಿಲ್ಲ. ಒಂದಿನ ಹಿಂದಿನ ಸೀಟಲ್ಲಿ, ಕಿಟಕಿ ಪಕ್ಕ ಕೂತು ಎಲ್ಲಿಗಾದ್ರೂ ಹೋಗ್ಬೇಕು. ಬ್ರೇಕ್ ಯೋಚ್ನೆ ಬೇರೆಯವರು ಮಾಡ್ಲಿ.”

“ಇವಳ ಕಾಲು ಸುಮ್ನಿರುತ್ತಾ ಯಜಮಾನ್ರೇ?” ಮೇಸ್ತ್ರಿ ನಗುತ್ತಾರೆ. “ತಿರುವು ಬಂದಾಗೆಲ್ಲ ಮುಂದಿನ ಸೀಟನ್ನ ಒದೀತಿರ್ತಾಳೆ.”

“ಒದೀತೀನಿ,” ಅನ್ನುತ್ತಾರೆ ಅಕ್ಕ, ನಗದೆ. “ಇವತ್ತಿನ ಆಸಾಮಿ ಮುಂದೆ ಕೂತಿದ್ರೆ, ತಿರುವು ಇಲ್ದಿದ್ರೂ ಒದೀತೀನಿ.”