ನನ್ನ ಪಾಲಿನ ಪುದೀನ ಡಬ್ಬಿ

ನಾನು ಹಳಿಯಾಳದ ಕಡೆಯ ಸಾಂಬ್ರಾಣಿ ಎಂಬ ಹಳ್ಳಿಯ ರೈತರ ಮಗಳು. ದಾಂಡೇಲಿಗೆ ಬಂದ ಮೇಲೆ ಈ ಮಾತನ್ನು ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೇನೋ! ಆದರೆ ನನ್ನ ಕೈಯಲ್ಲಿ ಒಂದೇ ಒಂದು ಕಡ್ಡಿ ಪುದೀನ ಬೇರು ಬಿಡಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿದೆ, ಮರಳು ಬೆರೆಸಿದೆ, ಸಗಣಿ ಗೊಬ್ಬರ ಹಾಕಿದೆ, ನೆರಳಿಗಿಟ್ಟೆ, ಬಿಸಿಲಿಗಿಟ್ಟೆ. ನಾಲ್ಕು ದಿನ ಹಸಿರಾಗಿ ನಿಂತು ಐದನೆಯ ದಿನ ತಲೆ ಬಗ್ಗಿಸಿಬಿಡುತ್ತಿತ್ತು. ಹಿತ್ತಲಿನ ಕರಿಬೇವೊಂದೇ ನನ್ನ ಮಾನ ಕಾಯುತ್ತಿದ್ದದ್ದು. ಅದನ್ನೂ ನಾನು ನೆಟ್ಟಿರಲಿಲ್ಲ. ಮೊದಲಿದ್ದ ಬಾಡಿಗೆಯವರು ನೆಟ್ಟು ಹೋಗಿದ್ದರು.

ನಮ್ಮ ಹಿತ್ತಲಿಗೂ ಪಕ್ಕದವರ ಹಿತ್ತಲಿಗೂ ನಡುವೆ ಎದೆಯೆತ್ತರದ ಗೋಡೆ. ಆ ಕಡೆ ಇದ್ದವರು ಗ್ಯಾರೇಜು ಮೇಸ್ತ್ರಿಯ ಹೆಂಡತಿ, ನನಗಿಂತ ಹತ್ತು ವರ್ಷ ದೊಡ್ಡವರು. ಮುಸಲ್ಮಾನರು. ಅವರ ಮಾತಿನಲ್ಲಿ ಅಕ್ಕನಿಗೆ ಹೇಳುವಂತೆ ನಾನು ಅವರನ್ನು ಆಪಾ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಅಡುಗೆ ಎಣ್ಣೆಯ ಖಾಲಿ ಡಬ್ಬಿಗಳನ್ನು ಗಂಡನ ಕೈಯಿಂದ ಅರ್ಧಕ್ಕೆ ಕತ್ತರಿಸಿ, ತಗಡಿನ ಮಾಡಿನ ಕೆಳಗೆ ಸಾಲಾಗಿ ಇಟ್ಟಿದ್ದರು. ಕೊತ್ತಂಬರಿ, ಮೆಂತ್ಯ, ದೊಡ್ಡಪತ್ರೆ, ಚಹಾಕ್ಕೆ ಹಾಕುವ ಗವತಿ ಹುಲ್ಲು. ಪುದೀನವಂತೂ ಡಬ್ಬಿಯ ಅಂಚು ದಾಟಿ ಹೊರಗೆ ಚೆಲ್ಲುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ದಿನ ಗೋಡೆಯ ಮೇಲೆ ಮೊಣಕೈ ಊರಿ ಕೇಳಿಯೇಬಿಟ್ಟೆ.

"ಆಪಾ, ಅದಕ್ಕೇನ ಹಾಕ್ತೀರಿ? ನನ್ನ ಗಿಡಾ ನನ್ನ ಮಾರಿ ನೋಡಿದ್ರ ಒಣಗತಾವ."

ಅವರು ನಕ್ಕರು. ಆಮೇಲೆ ದನಿ ತಗ್ಗಿಸಿ ಹೇಳಿದರು. "ಖರೇ ಹೇಳ್ತೇನ್ರಿ ಅಕ್ಕಾರ. ಕೋಳಿ, ಮೀನಾ ತೊಳದ ನೀರು ಹಾಕ್ತೇನಿ. ಅದಕ್ಕ ಹಂಗ ಬರ್ತಾವ. ನೀವು ಲಿಂಗಾಯತರು, ಮುಚ್ಚಿಟ್ಟ ಕೊಡಬಾರದು. ಒಂದ ಡಬ್ಬಿ ನಿಮ್ಮ ಪಾಲಿಗೆ ಬ್ಯಾರೇನ ಇಡ್ತೇನಿ. ಅದಕ್ಕ ಬರೇ ಅಕ್ಕಿ ತೊಳದ ನೀರು."

ಹಾಗೇ ಮಾಡಿದರು ಕೂಡ. ಗೋಡೆಗೆ ಹತ್ತಿದಂತೆ ಒಂದು ಡಬ್ಬಿ, ಅದರ ಕೊರಳಿಗೆ ಕೆಂಪು ಬಟ್ಟೆಯ ಚಿಂದಿ, ಅದಕ್ಕೇ ಒಂದು ಬೇರೆ ತಂಬಿಗೆ. ನನ್ನ ಪುದೀನ ಕೀಳುವ ಮೊದಲು ಆಪಾ ಸೋಪು ಹಚ್ಚಿ ಕೈ ತೊಳೆದುಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬೇಡ ಎಂದು ನಾನೂ ಹೇಳಲಿಲ್ಲ.

ನಮ್ಮ ಕೊಡುಕೊಳ್ಳುವಿಕೆ ಒಂದು ಸ್ಟೀಲ್ ಬಟ್ಟಲಿನಲ್ಲಿ ನಡೆಯುತ್ತಿತ್ತು. ಕರಿಬೇವು ಹುರಿದು, ಹುರಿಗಡಲೆ ಪುಟಾಣಿ, ಒಣಕೊಬ್ಬರಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಚಟ್ನಿಪುಡಿ ಎಂದರೆ ಆಪಾಗೆ ಪ್ರಾಣ. ನಾನು ಬಟ್ಟಲು ತುಂಬಿ ಕೊಟ್ಟರೆ, ಅದು ಪುದೀನ ತುಂಬಿಕೊಂಡು ಮರಳುತ್ತಿತ್ತು. ಪುದೀನ ಕೊಯ್ಲಿಗೆ ಬಂದಿರದಿದ್ದರೆ ನಾಲ್ಕು ಎಳೆ ಗವತಿ ಹುಲ್ಲು. ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯಾದರೂ ಇರುತ್ತಿತ್ತು. "ಖಾಲಿ ಬಟ್ಟಲಾ ಹೊಳ್ಳಿ ಕೊಡಬಾರದ್ರಿ" ಎನ್ನುತ್ತಿದ್ದರು. ನನ್ನ ಅವ್ವನೂ ಸಾಂಬ್ರಾಣಿಯಲ್ಲಿ ಇದೇ ಮಾತು ಹೇಳುತ್ತಿದ್ದಳು.

ಆ ಪುದೀನದ ಚಟ್ನಿಯಿಂದ ನನಗೆ ಹೆಸರು ಬಂತು. ಹಸಿಮೆಣಸಿನಕಾಯಿ, ಹುರಿದ ಶೇಂಗಾ, ಸ್ವಲ್ಪ ಹುಣಸೆಹಣ್ಣು, ಕೊನೆಗೆ ಹಸಿ ಪುದೀನ. ಪುದೀನ ಹಾಕಿದ ಮೇಲೆ ಮಿಕ್ಸಿ ಎರಡೇ ಸುತ್ತು ತಿರುಗಬೇಕು, ಹೆಚ್ಚಾದರೆ ಕಹಿಯಾಗುತ್ತದೆ. ಅದನ್ನೂ ಕಲಿಸಿಕೊಟ್ಟವರು ಆಪಾನೇ. ಬಂದವರು ಹೊಗಳಿದರೆ ನಾನು "ನಮ್ಮ ಹಿತ್ತಲದ್ದ ರಿ" ಎನ್ನುತ್ತಿದ್ದೆ. ಗೋಡೆಯ ಯಾವ ಕಡೆಯ ಹಿತ್ತಲು ಎಂದು ಯಾರೂ ಕೇಳುತ್ತಿರಲಿಲ್ಲ.

ಒಂದು ಶ್ರಾವಣ ಸೋಮವಾರ ಹಳಿಯಾಳದಿಂದ ನಮ್ಮ ಅತ್ತೆ, ಅವರ ಜೊತೆಗೆ ಬಳಗದ ಮೂವರು ಹೆಣ್ಣುಮಕ್ಕಳು ಊಟಕ್ಕೆ ಬಂದಿದ್ದರು. ಹಿತ್ತಲ ಕಟ್ಟೆಯ ಮೇಲೆ ಗಾಳಿಗೆ ಕುಳಿತು ಉಣ್ಣುತ್ತಿದ್ದರು. ಅತ್ತೆ ರೊಟ್ಟಿಗೆ ಎರಡನೆಯ ಸಲ ಚಟ್ನಿ ಹಾಕಿಸಿಕೊಂಡರು. ಅತ್ತೆಯ ಬಾಯಿಂದ ಹೊಗಳಿಕೆ ಬರುವುದೆಂದರೆ ಸಣ್ಣ ಮಾತಲ್ಲ. ಅವತ್ತು ಬಂತು. "ಕೈಗುಣಾ ಐತವಾ ನಿನಗ. ಎಲ್ಲೀದು ಈ ಪುದೀನ?" ನಾನು ಉಬ್ಬಿಹೋಗಿ ಎಂದಿನಂತೆ ಹೇಳಿದೆ, "ನಮ್ಮ ಹಿತ್ತಲದ್ದ ರಿ ಅತ್ತಿ."

ಆ ಹೊತ್ತಿಗೆ ಸರಿಯಾಗಿ ಗೋಡೆಯ ಮೇಲೆ ಒಂದು ಕೈ ಬಂತು, ಕೈಯಲ್ಲಿ ಒಂದು ಕಟ್ಟು ಪುದೀನ.

"ಅಕ್ಕಾರ, ಮಂದಿ ಭಾಳ ಬಂದಾರಲಾ, ಮುಂಜಾನಿ ಕೊಟ್ಟಿದ್ದು ಸಾಕಾಗೂದಿಲ್ಲ. ಇದನ್ನೂ ತಗೋರಿ."

ನಾನು ಹೋಗಿ ಇಸಿದುಕೊಂಡೆ. ಹಿಂದೆ ಅತ್ತೆ ರೊಟ್ಟಿಯನ್ನು ತಾಟಿಗೆ ಹಾಕಿದ ಸಪ್ಪಳ ಕೇಳಿತು.

"ಮುಂಜಾನಿ ಅಕಿ ಕೋಳಿ ತೊಳದ ನೀರ ಗಿಡಕ್ಕ ಹಾಕೂದು ನಾನ ಕಣ್ಣಾರೆ ನೋಡೇನಿ. ಶ್ರಾವಣ ಸೋಮವಾರ ದಿನಾ ಅದನ್ನ ತಂದು ನಮಗ ಉಣ್ಣಾಕ ಹಾಕಿದೇನ?"

ಒಂದೇ ಒಂದು ಮಾತು ಸಾಕಿತ್ತು. "ಇಲ್ರಿ ಅತ್ತಿ, ನಮ್ಮ ಡಬ್ಬಿ ಬ್ಯಾರೆ ಐತಿ" ಎಂದರೆ ಮುಗಿಯುತ್ತಿತ್ತು. ಕೆಂಪು ಚಿಂದಿ ಕಟ್ಟಿದ ಡಬ್ಬಿ ಗೋಡೆಯ ಆಚೆಯೇ ಇತ್ತು, ಎದ್ದು ಬಗ್ಗಿ ನೋಡಿದರೆ ಯಾರಿಗಾದರೂ ಕಾಣುತ್ತಿತ್ತು. ಆದರೆ ಹಾಗೆಂದರೆ ನಾನು ಈಗಷ್ಟೇ ಹೇಳಿದ್ದು ಸುಳ್ಳೆಂದು ಗೊತ್ತಾಗುತ್ತಿತ್ತು. ಇಷ್ಟು ವರ್ಷದಿಂದ ಆ ಮನೆಯ ಸೊಪ್ಪನ್ನೇ ಉಣ್ಣಿಸುತ್ತಿದ್ದೇನೆ ಎಂಬುದೂ ಹೊರಬೀಳುತ್ತಿತ್ತು. ಮೂವರು ಹೆಂಗಸರು ತುತ್ತು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಪುದೀನದ ಕಟ್ಟನ್ನು ಗಟಾರಕ್ಕೆ ಎಸೆದೆ. ಎಸೆದು ಗಟ್ಟಿಯಾಗಿ ಹೇಳಿದೆ:

"ಇವತ್ತೊಂದ ದಿನಾ ಕಡಿಮಿ ಬಿತ್ತಂತ ಇಸ್ಗೊಂಡಿದ್ದೆ ರಿ. ಏನ ನೀರ ಹಾಕ್ತಾರಂತ ಅವರು ನನಗ ಹೇಳೇ ಇಲ್ರಿ!"

ಆಪಾ ಇನ್ನೂ ಗೋಡೆಯ ಹತ್ತಿರವೇ ಇದ್ದರು. ಗಟಾರದಲ್ಲಿ ತೇಲುತ್ತಿದ್ದ ಪುದೀನವನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅತ್ತೆಯನ್ನು. ಈಗ ಬಾಯಿ ಬಿಡುತ್ತಾರೆ, ನನ್ನ ಬಣ್ಣ ಬಯಲಾಗುತ್ತದೆ ಎಂದುಕೊಂಡೆ.

"ಹೌದ್ರಿ ಅಮ್ಮಾರ" ಎಂದರು ಆಪಾ. "ನಂದ ತಪ್ಪಾತು. ಹೇಳೂದು ಮರತಬಿಟ್ಟೆ. ಅಕ್ಕಾರಿಗೆ ಏನೂ ಗೊತ್ತಿಲ್ರಿ."

ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಅತ್ತೆ ಬಾಯಿ ಮುಕ್ಕಳಿಸಿ ಬಂದು, "ನೀ ಭಾಳ ಭೋಳೆ ಅದೀ" ಎಂದು ನನ್ನ ಬೆನ್ನು ತಟ್ಟಿದರು. ಆ ತಟ್ಟಿದ ಜಾಗ ಈಗಲೂ ಉರಿಯುತ್ತದೆ. ಥೂ ನನ್ನ ಬಾಳೇ! ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ನನ್ನದು ಕೋಪವೂ ಅಲ್ಲ, ಬರೀ ಅಂಜಿಕೆ. ಅಂಜಿ, ನನಗೆ ಒಂದು ದಿನವೂ ಸುಳ್ಳು ಹೇಳದವರನ್ನು ಮೋಸಗಾರ್ತಿ ಮಾಡಿ ನಿಲ್ಲಿಸಿದೆ.

ಅತ್ತೆ ಹಳಿಯಾಳಕ್ಕೆ ಹೋದರು. ನಾನು ಹಿತ್ತಲಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಊರಿನ ಕಾಗದದ ಮಿಲ್ಲಿನ ಭೋಂಗಾ ಕೂಗುವ ಹೊತ್ತಿಗೆ ಆಪಾ ಗಿಡಕ್ಕೆ ನೀರು ಹಾಕುತ್ತಾರೆಂದು ಗೊತ್ತಿದ್ದರಿಂದ ಆ ಹೊತ್ತು ತಪ್ಪಿಸಿ ಅರಿವೆ ಒಣಹಾಕುತ್ತಿದ್ದೆ. ಒಂದು ದಿನ ಗೋಡೆಯಾಚೆ ಇಣುಕಿದರೆ ನನ್ನ ಪಾಲಿನ ಡಬ್ಬಿ ಅಲ್ಲೇ ಇತ್ತು, ಕೆಂಪು ಚಿಂದಿ ಹಾಗೇ ಇತ್ತು. ಕೀಳುವವರಿಲ್ಲದೆ ಪುದೀನ ಮೊಣಕಾಲೆತ್ತರ ಬೆಳೆದು ತುದಿಯಲ್ಲಿ ಹೂ ಬಿಟ್ಟಿತ್ತು. ಮಣ್ಣು ಒದ್ದೆಯಾಗಿತ್ತು. ಮಣ್ಣಿನ ಮೇಲೆ ಅಕ್ಕಿ ತೊಳೆದ ನೀರಿನ ಬಿಳಿ ಗೆರೆ.

ಅದನ್ನು ನೋಡಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಕರಿಬೇವು ಕಿತ್ತು ತಂದು ಚಟ್ನಿಪುಡಿ ಕುಟ್ಟಿದೆ. ಅದೇ ಸ್ಟೀಲ್ ಬಟ್ಟಲು ತುಂಬಿಕೊಂಡು, ಗೋಡೆಯ ಮೇಲಿಂದಲ್ಲ, ಮುಂಬಾಗಿಲಿಗೆ ಹೋದೆ.

"ಆಪಾ, ಅವತ್ತ ನಾನು..." ಎಂದೆ. ಅಷ್ಟರಲ್ಲೇ ಅಳು ಬಂತು.

"ಏ, ಬಿಡ್ರಿ ಅಕ್ಕಾರ. ಅತ್ತಿ ಮುಂದ ಎಲ್ಲಾರೂ ಅಷ್ಟ. ನಾನೂ ಸೊಸಿಯಾಗಿ ಬಂದಾಕಿನ ಅಲ್ಲೇನ್ರಿ?" ಎಂದು ನನ್ನ ಕೈ ಹಿಡಿದು ಒಳಗೆ ಕೂರಿಸಿದರು. ಬಟ್ಟಲನ್ನು ಮೂಸಿ, "ಆಹಾ, ಬೆಳ್ಳುಳ್ಳಿ ಚಲೋ ಬಿದ್ದೈತಿ" ಎಂದು ನಕ್ಕರು. ನನ್ನ ಜೀವ ಹಗುರಾಯಿತು. ಮುಗಿಯಿತು, ಕ್ಷಮಿಸಿದರು ಎಂದುಕೊಂಡೆ.

ಆಪಾ ಪುಡಿಯನ್ನು ತಮ್ಮ ಡಬ್ಬಿಗೆ ಸುರುವಿಕೊಂಡು, ಬಟ್ಟಲನ್ನು ಹಿತ್ತಲ ನಳದ ಕೆಳಗೆ ಒಯ್ದರು. ನಾನು ಕುಳಿತಲ್ಲಿಂದ ಕಾಣುತ್ತಿತ್ತು. ಸೋಪು ಹಚ್ಚಿ ತೊಳೆದರು. ಮತ್ತೆ ತೊಳೆದರು. ಇನ್ನೊಮ್ಮೆ ತೊಳೆದರು. ಪಕ್ಕದಲ್ಲೇ ನನ್ನ ಪುದೀನ ಹೂ ಬಿಟ್ಟು ನಿಂತಿತ್ತು, ಅದರತ್ತ ಕೈ ಚಾಚಲಿಲ್ಲ. ಬಟ್ಟಲನ್ನು ಒರೆಸದೆ, ನೀರು ಸೋರುತ್ತಿದ್ದ ಹಾಗೆಯೇ ತಂದು ನನ್ನ ಕೈಗೆ ಕೊಟ್ಟರು. ಮಾತಿನಲ್ಲಿ ಕೊಂಕು ಇರಲಿಲ್ಲ, ಮುಖದಲ್ಲಿ ಸಿಟ್ಟು ಇರಲಿಲ್ಲ.

"ಮೂರ ಸಲಾ ತೊಳದೇನ್ರಿ ಅಕ್ಕಾರ" ಎಂದರು. "ಒಳಗ ಏನೂ ಹಾಕಿಲ್ಲ."