ಪಟ್ಟಿಯಲ್ಲಿಲ್ಲದ ಪೋರ್ಟ್

ಅಕ್ಕಾರ ಕಂಪ್ಯೂಟರಿನ ಪರದೆಯ ಮೇಲೆ ಯಾವಾಗಲೂ ವಿಭೂತಿಯ ಬಿಳಿ ಅಂಟಿರುತ್ತಿತ್ತು. ಕಣ್ಣು ಮಂದವಾಗಿದ್ದರಿಂದ ಹಣೆ ಗಾಜಿಗೆ ತಾಗುವಷ್ಟು ಬಾಗಿ ಓದುತ್ತಿದ್ದರು. ಕೊಪ್ಪಳದ ಖಾಸಗಿ ಆಸ್ಪತ್ರೆಯೊಂದರ ಕಂಪ್ಯೂಟರುಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ನಾನು ಅವರ ಕೈಕೆಳಗೆ ಸೇರಿದ್ದೆ. ದಿನಾ ತಳಕಲ್‌ನಿಂದ ಬಸ್ಸಿಗೆ ಬರುತ್ತಿದ್ದ ಅವರನ್ನು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು.

ಪ್ರತಿ ಯಂತ್ರಕ್ಕೂ ಪೋರ್ಟ್ ಎಂಬ ನಂಬರಿನ ಬಾಗಿಲುಗಳಿರುತ್ತವೆ, ತೆರೆದ ಬಾಗಿಲ ಹಿಂದೆ ಯಾವುದೋ ಪ್ರೋಗ್ರಾಂ ಕಾಯುತ್ತಿರುತ್ತದೆ ಎಂದು ಕಲಿಸಿದವರು ಅವರೇ. ಗುರುತಿಲ್ಲದ ಪೋರ್ಟ್ ಕಂಡರೆ ಸಂಪರ್ಕ ಜೋಡಿಸಿ, ಅದೇನು ಹೇಳುತ್ತದೋ ಎಂದು ಕಾಯುತ್ತಿದ್ದರು.

"ಕೆಲವು ತಾವಾಗೇ ಹೆಸರು ಹೇಳ್ತಾವ. ಕೆಲವನ್ನ ನಾವ ಮೊದಲು ಮಾತಾಡಸಬೇಕು. ಬರೇ ನಂಬರ್ ನೋಡಿ ಇಂಥಾದ್ದಂತ ತಿಳಕೋಬ್ಯಾಡ ತಂಗಿ."

ಉತ್ತರ ಬಾರದಿದ್ದರೆ ಎದ್ದು ವಾರ್ಡುಗಳನ್ನೆಲ್ಲ ಸುತ್ತಿ, ಯಾವ ಯಂತ್ರ ಅದಕ್ಕೆ ಮಾಹಿತಿ ಕಳಿಸುತ್ತಿದೆ ಎಂದು ಹುಡುಕಿ, ತಮ್ಮ ಪಟ್ಟಿಯಲ್ಲಿ ಬರೆದಿಡುವರು.

ಅವರು ಕುಷ್ಟಗಿಗೆ ಮದುವೆಗೆ ಹೋದ ದಿನ, ಪಟ್ಟಿಯಲ್ಲಿಲ್ಲದ ಪೋರ್ಟೊಂದು ನನ್ನ ಕಣ್ಣಿಗೆ ಬಿತ್ತು. ಏನು ಕೇಳಿದರೂ ಉತ್ತರವಿಲ್ಲ. ಫೋನ್ ಮಾಡಿದೆ.

"ನಾ ಬರೂತನಕ ಮುಟ್ಟಬ್ಯಾಡ," ಅಂದರು.

ಕಳ್ಳ ಪ್ರೋಗ್ರಾಂ ಇದ್ದರೆ ಎಂಬ ಹೆದರಿಕೆ ಒಂದು ಕಡೆ, ಒಬ್ಬಳೇ ಹಿಡಿದೆ ಎನ್ನಿಸಿಕೊಳ್ಳುವ ಆಸೆ ಇನ್ನೊಂದು ಕಡೆ. ಆ ಪೋರ್ಟನ್ನು ಮುಚ್ಚಿಬಿಟ್ಟೆ.

ರಕ್ತದ ಚೀಲಗಳನ್ನಿಡುವ ಫ್ರಿಜ್ಜಿನ ಉಷ್ಣತೆಯ ಮಾಹಿತಿ ಬಂದು ಸೇರುತ್ತಿದ್ದುದು ಅಲ್ಲಿಗೆ. ಅಂದೇ ಫ್ರಿಜ್ ಕೆಟ್ಟಿತು. ಎಚ್ಚರಿಕೆ ಯಾರಿಗೂ ಮುಟ್ಟಲಿಲ್ಲ, ಚೀಲಗಳೆಲ್ಲ ಹಾಳಾದವು. ಮರುದಿನ ಹಿಟ್ನಾಳದಿಂದ ಹೆರಿಗೆಗೆ ಬಂದವಳಿಗೆ ಗಂಗಾವತಿಯಿಂದ ರಕ್ತ ತರಿಸಬೇಕಾಯಿತು. ಅಷ್ಟರಲ್ಲಿ ಆಪರೇಷನ್ ತಡವಾಗಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಮಾಲೀಕರು ನಮ್ಮಿಬ್ಬರನ್ನೂ ಕರೆಸಿ ಕೇಳಿದರು. ಅಕ್ಕಾರು ನನ್ನ ಕಡೆ ನೋಡದೆ ಹೇಳಿದರು: "ಅದನ್ನ ಪಟ್ಟಿಯೊಳಗ ಬರೀದ ಬಿಟ್ಟಾಕಿ ನಾನರಿ. ಫೋನಿನ್ಯಾಗ ಮುಚ್ಚು ಅಂದಾಕಿನೂ ನಾನ."

ಮೊದಲನೆಯದು ನಿಜ. ಎರಡನೆಯದು ಸುಳ್ಳು.

ಅವರನ್ನು ಕೆಲಸದಿಂದ ತೆಗೆದರು. ಬಸ್ ಸ್ಟ್ಯಾಂಡಿನ ತನಕ ಹಿಂದೆ ಹೋದೆ. "ಮತ್ತೆ ಹಂಗ ಮಾಡಬ್ಯಾಡ," ಎಂದಷ್ಟೇ ಹೇಳಿ ಹತ್ತಿದರು. ಆಮೇಲೆ ಯಾರೂ ಅವರಿಗೆ ಕೆಲಸ ಕೊಡಲಿಲ್ಲ. ನಾನು ಅವರ ಕುರ್ಚಿಯಲ್ಲಿ ಕೂತೆ. ಈಗಲೂ ಅಲ್ಲೇ ಇದ್ದೇನೆ.

ಹೋದ ವರ್ಷ ಅಕ್ಕಾರು ಸಕ್ಕರೆ ಕಾಯಿಲೆ ಕಿಡ್ನಿಗಿಳಿದು ತೀರಿಕೊಂಡರು. ಮಣ್ಣು ಮುಗಿದ ಮೇಲೆ ಅವರ ಮಗಳ ಹತ್ತಿರ ಹೋಗಿ, "ನಿಮ್ಮವ್ವಾರು ಮುಟ್ಟಬ್ಯಾಡ ಅಂದಿದ್ರರಿ. ಮುಚ್ಚಿದಾಕಿ ನಾನು," ಎಂದೆ.

"ಅವ್ವ ಮನ್ಯಾಗೂ ಹೇಳಲಿಲ್ಲರಿ. ಆ ಕೂಸಿನ ಸಲುವಾಗಿ ನಾವೂ ಅಕಿನ್ನ ಭಾಳ ಬೈದ್ವಿ," ಅಂದಳು. "ಅಕಿ ಇದ್ದಾಗ ಒಮ್ಮೆ ಬಂದು ಹೇಳಬೇಕಿತ್ತಲ್ಲರಿ."